ಮದುವೆ ಮುಗಿದ ಮೇಲೆ ಉಳಿದ ಗೂಟಗಳು

ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ನಡೆದದ್ದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಮ್ಮದು ಮೂಡಲಗಿ ಕಡೆಯ ಹಳ್ಳಿ. ಊರ ಹೆಸರು ಬರೆದರೆ ಮನೆಯವರು ಬೈಯುತ್ತಾರೆ, ಇರಲಿ ಬಿಡಿ. ನನ್ನ ಮಗಳು ರೂಪಾಗೆ ಖೋ ಖೋ ಅಂದರೆ ಜೀವ. ಮೊದಲೆಲ್ಲ ಅರ್ಧ ರೊಟ್ಟಿ ತಿಂದು ಏಳುತ್ತಿದ್ದ ಹುಡುಗಿ, ಆರನೆಯ ಇಯತ್ತೆಗೆ ಬಂದು ಶಾಲೆಯ ಟೀಮು ಸೇರಿದ ಮೇಲೆ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದಳು.

ನಮ್ಮೂರಲ್ಲಿ ದೊಡ್ಡವರ ಮನೆಯ ಮದುವೆ ಅಂದರೆ ಶಾಲೆಯ ಬಯಲಿನಲ್ಲೇ ಹಂದರ. ಒಂದು ಭಾನುವಾರ ಶಾಲೆ ಕಮಿಟಿ ಅಧ್ಯಕ್ಷರ ಮಗನ ಮದುವೆ ಇತ್ತು. ಹಸಿ ಎರೆಮಣ್ಣಿನಲ್ಲಿ ಹೊಡೆದ ಕಬ್ಬಿಣದ ಗೂಟಗಳು ಬಿಸಿಲಿಗೆ ಕಚ್ಚಿಕೊಂಡುಬಿಟ್ಟಿದ್ದವು. ಹಂದರದವರು ಬಂದಷ್ಟು ಕಿತ್ತುಕೊಂಡು, ಬರದವನ್ನು ಹಾಗೇ ಬಿಟ್ಟು ಹೋದರು. ಅದೇ ವಾರ ರೂಪಾ ಬರಿಗಾಲಲ್ಲಿ ಆಡುತ್ತ ಅಂಥದೊಂದರ ಮೇಲೆ ಕಾಲಿಟ್ಟಳು. ಅಂಗಾಲು ಸೀಳಿತು. ಗೋಕಾಕಕ್ಕೆ ಒಯ್ದು ಹೊಲಿಗೆ ಹಾಕಿಸಿದೆವು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ, ಟೀಮಿನಿಂದ ತೆಗೆದುಬಿಡುತ್ತಾರಾ ಎಂದು.

ಮರುದಿನ ಶಾಲೆಗೆ ಹೋದೆ. ಗೂಟ ಕೀಳಿಸಿರುತ್ತಾರೆ, ತಪ್ಪಾಯಿತು ಅನ್ನುತ್ತಾರೆ ಅಂದುಕೊಂಡಿದ್ದೆ. ಎಲ್ಲಿಯದು! ಅಧ್ಯಕ್ಷರು ಹೆಡ್ ಮಾಸ್ತರರ ಬಾಜೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಇನ್ನು ಮೇಲೆ ಆಟವೇ ಬಂದ್, ಆ ಹೊತ್ತಿನಲ್ಲಿ ಗಣಿತ ಹೇಳಿಕೊಡುತ್ತೇವೆ ಎಂದು ಇಬ್ಬರೂ ನನಗೇ ಉಪಕಾರ ಮಾಡಿದವರ ಹಾಗೆ ಹೇಳಿದರು.

"ಹೆಣ್ಣುಮಗಳಿಗೆ ಇಷ್ಟು ಓಡಾಟ ಯಾಕ ಬೇಕವಾ? ನಾಳೆ ಕಾಲು ಕುಂಟಾದ್ರ ಯಾರು ಲಗ್ನ ಆಗ್ತಾರ?" ಎಂದರು ಅಧ್ಯಕ್ಷರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗೂಟ ಬಿಟ್ಟವರು ಇವರು, ಆಟ ಬಿಡಬೇಕಾದವರು ನಮ್ಮ ಮಕ್ಕಳು! ನೆಟ್ಟಗೆ ಮನೆಗೆ ಹೋದೆ. ಹಾರೆ, ಬುಟ್ಟಿ ತಂದು, ಸೆರಗು ಸಿಕ್ಕಿಸಿ ಬಯಲಿಗಿಳಿದೆ. ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ರೂಪಾಳ ಜೊತೆ ಆಡುವ ಹುಡುಗಿಯರು ಹೊರಗೆ ಬಂದು ಗೂಟಗಳ ಸುತ್ತಲಿನ ಮಣ್ಣು ಕೆದರತೊಡಗಿದರು. ಯಾರೂ ತಡೆಯಲಿಲ್ಲ. ಅಂಗೈಯಲ್ಲಿ ಬೊಬ್ಬೆ ಬಂದವು, ಬುಟ್ಟಿಯೂ ತುಂಬಿತು. ಹೊತ್ತುಕೊಂಡು ಹೋಗಿ ಹೆಡ್ ಮಾಸ್ತರರ ಟೇಬಲ್ಲಿನ ಮೇಲೆ ಸುರಿದೆ. ಅಧ್ಯಕ್ಷರು ಇನ್ನೂ ಅಲ್ಲೇ ಕೂತಿದ್ದರು.

"ನಿಮ್ಮ ಮಗನ ಲಗ್ನದ ಗೂಟ ಅದಾವ್ರಿ, ತಗೊಂಡ್ ಹೋಗ್ರಿ," ಎಂದೆ ಅಧ್ಯಕ್ಷರಿಗೆ. "ಬಯಲು ಮಕ್ಕಳದು. ಅವರು ಆಡ್ತಾರ."

ಅವರು ಮುಖ ತಿರುಗಿಸಿಕೊಂಡು ಎದ್ದು ಹೋದರು. ನಾಳೆಯಿಂದ ಆಟ ಇರುತ್ತದೆ ಎಂದು ಹೆಡ್ ಮಾಸ್ತರರು ತಲೆ ತಗ್ಗಿಸಿ ಹೇಳಿದರು.

ಊರಲ್ಲಿ ನನಗೀಗ ಜಗಳಗಂಟಿ ಎಂದು ಹೆಸರು. ಅನ್ನಲಿ, ನನ್ನದೇನು ಹೋಗುತ್ತದೆ? ರೂಪಾಳ ಗಾಯ ಮಾಯ್ದಿದೆ. ಟೀಮಿನಲ್ಲೂ ಇದ್ದಾಳೆ. ಮೊನ್ನೆ ಅವಳ ಆಟ ನೋಡಲು ಹೋಗಿದ್ದೆ. ಬೆನ್ನಟ್ಟಿ ಬರುವವಳ ಮೇಲೆ ಕಣ್ಣಿಡಬೇಕಾದ ಹುಡುಗಿ ನೆಲ ನೋಡುತ್ತ ಓಡಿದಳು. ಓಡಿದ ಕೂಡಲೇ ಔಟಾದಳು. ಒಂದು ಗೂಟವೂ ಉಳಿದಿಲ್ಲ, ನಾನೇ ಕಿತ್ತಿದ್ದೇನೆ ಎಂದು ಎಷ್ಟು ಹೇಳಿದರೂ ಅವಳು ನಂಬುವುದಿಲ್ಲ. ನಂಬು ಎಂದು ಯಾವ ಬಾಯಿಂದ ಹೇಳಲಿ? ಬರುವ ವಾರ ಅದೇ ಬಯಲಿನಲ್ಲಿ ಇನ್ನೊಂದು ಮದುವೆ. ಹಾರೆಯನ್ನು ಬಾಗಿಲ ಹಿಂದೆಯೇ ಇಟ್ಟುಕೊಂಡಿದ್ದೇನೆ.