ಕೆಂಪು ಸುತ್ತು, ನೀಲಿ ಗೆರೆ

ಕಳೆದ ವಾರ ಟೆಲಿಸ್ಕೋಪಿನ ಪೆಟ್ಟಿಗೆ ಒರೆಸುವಾಗ ಮೂಲೆಯಲ್ಲಿ ಒಂದು ಕೆಂಪು ಪೆನ್ಸಿಲ್ ಸಿಕ್ಕಿತು. ಅರ್ಧ ಬೆರಳಿನಷ್ಟು ಉಳಿದಿತ್ತು. ಬ್ಲೇಡಿನಿಂದ ಚೂಪು ಮಾಡಿದ್ದು. ಅವರು ಮೆಂಡರ್ ಮುಟ್ಟುತ್ತಿರಲಿಲ್ಲ...

ಅವರು ನಮ್ಮ ಪಕ್ಕದ ಮನೆಯವರು. ಅಗ್ರಹಾರದಲ್ಲಿ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿ, ಅದನ್ನು ಮುಚ್ಚಿ, ಶ್ರೀರಾಂಪುರದಲ್ಲಿ ಮಗಳ ಜೊತೆ ಇರಲು ಬಂದಿದ್ದರು. ಬೀದಿಗೆಲ್ಲ ಸ್ಟುಡಿಯೋ ಯಜಮಾನರು. ಫೋಟೋದ ಮೇಲಿನ ಬಿಳಿ ಚುಕ್ಕೆಗಳನ್ನು ಕೂದಲಿನಷ್ಟು ಸಣ್ಣ ಬ್ರಷ್ಷಿನಿಂದ ತಿದ್ದಿ ಬದುಕಿದವರು. ನಾನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಿಂದ ನಿವೃತ್ತನಾದವನು. ನಕ್ಷತ್ರಗಳ ಫೋಟೋ ತೆಗೆಯುವ ಹವ್ಯಾಸ ನನ್ನದು, ಕಣ್ಣು ಅವರದು.

ಕ್ರಮ ಹೀಗಿತ್ತು. ಸಂಜೆ ಏಳಕ್ಕೆ ನಮ್ಮ ಟೆರೇಸು. ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿದ್ದರೆ ಬಿಸಿಯಾಗಿ, ಚಿತ್ರದಲ್ಲಿ ಕೆಲವು ಚುಕ್ಕೆಗಳು ತಾವಾಗಿಯೇ ಹೊಳೆಯುತ್ತವೆ. ನೋಡಿದರೆ ನಕ್ಷತ್ರವೇ ಅನ್ನಬೇಕು. ಅವನ್ನು ಹಿಡಿಯಲು ಮುಚ್ಚಳ ಹಾಕಿ, ಅಷ್ಟೇ ಹೊತ್ತು ಇನ್ನೊಂದು ಚಿತ್ರ ತೆಗೆಯಬೇಕು. ಬೆಳಕೇ ಹೋಗದ ಆ ಚಿತ್ರದಲ್ಲೂ ಚುಕ್ಕೆ ಇದ್ದರೆ ಅದು ಕ್ಯಾಮೆರಾದ ದೋಷ. ಕಂಪ್ಯೂಟರ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಆದರೂ ಎರಡನ್ನೂ ಪ್ರಿಂಟ್ ಹಾಕಿಸಿ ಅವರ ಮುಂದಿಡುತ್ತಿದ್ದೆ. ಅವರು ಸುಳ್ಳು ಚುಕ್ಕೆಗಳಿಗೆ ಕೆಂಪು ಸುತ್ತು ಹಾಕುತ್ತಿದ್ದರು. ಒಂದೂ ತಪ್ಪುತ್ತಿರಲಿಲ್ಲ.

ಮೊದಮೊದಲು ನಾನು ಒಂದೊಂದು ನಿಮಿಷ ತೆರೆದಿಟ್ಟು ನಕ್ಷತ್ರಗಳನ್ನು ಕೆಡಿಸುತ್ತಿದ್ದೆ. ನಡು ಬಿಳುಚಿ, ಬಣ್ಣ ಹೋಗಿ, ದಪ್ಪಗಾಗುತ್ತಿದ್ದವು.

"ಏನ್ ಸ್ವಾಮಿ, ಮದುವೆ ಹೆಣ್ಣಿಗೆ ಪೌಡರ್ ಮೆತ್ತಿದಂಗೆ ಮೆತ್ಬುಟ್ಟಿದೀರಿ! ಟೈಮ್ ಕಡಿಮೆ ಮಾಡಿ."

ಇಪ್ಪತ್ತು ಸೆಕೆಂಡಿಗೆ ಇಳಿಸಿದೆ. ಸರಿಹೋಯಿತು. ಎರಡು ವರ್ಷ ಹಾಗೇ ನಡೆಯಿತು.

ಆಮೇಲೊಂದು ಮಾಗಿಯಲ್ಲಿ ಮತ್ತೆ ಶುರುಮಾಡಿದರು. "ಊದ್ಕೊಂಡಿವೆ ಕಣ್ರೀ ಎಲ್ಲಾ." ಹತ್ತು ಸೆಕೆಂಡು ಮಾಡಿದೆ. "ಇನ್ನೂ ಉರೀತಾ ಇದೆ." ಕಂಪ್ಯೂಟರಿನಲ್ಲಿ ಹೊಳಪಿನ ಅಂಕಿಗಳನ್ನು ತೆಗೆದು ನೋಡಿದೆ. ಒಂದು ನಕ್ಷತ್ರವೂ ಮಿತಿ ಮೀರಿರಲಿಲ್ಲ.

"ಯಂತ್ರ ಸುಳ್ಳು ಹೇಳಲ್ಲ ಯಜಮಾನರೇ."

"ಹಂಗಾದ್ರೆ ನಾನು ಹೇಳ್ತಿದೀನಾ?" ಎಂದು ನಕ್ಕರು. ಬೀದಿ ದೀಪದ ಕಡೆ ಕೈ ತೋರಿಸಿ, "ಅದರ ಸುತ್ತಾನೂ ಬಣ್ಣದ ಬಳೆ ಕಾಣುತ್ತೆ. ಅದೂ ನಿಮ್ಮ ಕ್ಯಾಮೆರಾ ಕೆಲಸವೋ?"

ಮಂಜು ಇರಬೇಕು ಎಂದೆ. ಮುಚ್ಚಳ ಹಾಕುವ ಹೊತ್ತಾಗಿತ್ತು.

ಅವರ ಸುತ್ತುಗಳು ತಪ್ಪತೊಡಗಿದವು. ವಯಸ್ಸಾಯಿತು, ಗಮನವಿಲ್ಲ ಅಂದುಕೊಂಡೆ. ಮಕ್ಕಳ ರೆಕಾರ್ಡ್ ಪುಸ್ತಕ ತಿದ್ದಿದ ಅಭ್ಯಾಸ. ತಪ್ಪಿದಲ್ಲೆಲ್ಲ ನೀಲಿ ಪೆನ್ನಿನಿಂದ ಗೆರೆ ಎಳೆದು, ಕೆಳಗೆ ತಾರೀಖು ಹಾಕಿ ಸಹಿ ಮಾಡಿ ಫೈಲಿಗೆ ಸೇರಿಸಿದೆ.

ಆಷಾಢದಲ್ಲಿ ಅವರು ನಮ್ಮ ಮೆಟ್ಟಿಲಲ್ಲಿ ಕೊನೆಯದನ್ನು ಕಾಣದೆ ಬಿದ್ದರು. ಕಾಲಿಗೆ ಏನೂ ಆಗಿರಲಿಲ್ಲ. ಕಣ್ಣು ನೋಡಿದ ಡಾಕ್ಟರು, ಒಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ, ಹೋದದ್ದು ಇನ್ನು ಬರುವುದಿಲ್ಲ ಅಂದರಂತೆ.

ನೋಡಲು ಹೋದೆ. ಮಗಳು ಕಾಫಿ ಕೊಟ್ಟು ಕೇಳಿದಳು: "ದೀಪದ ಸುತ್ತ ಬಳೆ ಕಂಡಾಗಲೇ ಕರ್ಕೊಂಡು ಬಂದಿದ್ರೆ ಉಳಿಸ್ಬೋದಿತ್ತಂತೆ ಅಂಕಲ್. ನಮಗಂತೂ ಏನೂ ಹೇಳ್ಲಿಲ್ಲ. ನಿಮ್ಮ ಹತ್ರ ಏನಾದ್ರೂ ಅಂದಿದ್ರಾ?"

"ಇಲ್ಲಮ್ಮ," ಎಂದೆ.

ಅವರು ಅಲ್ಲೇ, ಕಿಟಕಿಯ ಪಕ್ಕ ಕೂತಿದ್ದರು. ಕೇಳಿಸಿಕೊಂಡರು. ನನ್ನ ಕಡೆ ತಿರುಗಿ, "ನಿನ್ನೆ ಮುಚ್ಚಳದ ಫೋಟೋ ತೆಗೆದ್ರಾ ಸ್ವಾಮಿ? ಮರೀಬೇಡಿ," ಎಂದರು. ಅಷ್ಟೇ.

ಅವರು ಹೋಗಿ ಎರಡು ವರ್ಷವಾಯಿತು. ಕೊನೆಯವರೆಗೂ ಆ ಬಳೆಯ ಮಾತು ಎತ್ತಲಿಲ್ಲ...

ಪೆನ್ಸಿಲ್ ಸಿಕ್ಕ ದಿನ ಫೈಲು ತೆಗೆದು ಪ್ರಿಂಟುಗಳನ್ನು ತಾರೀಖಿನ ಪ್ರಕಾರ ಊಟದ ಟೇಬಲ್ ಮೇಲೆ ಜೋಡಿಸಿದೆ. ಕೆಂಪು ಸುತ್ತು ಚುಕ್ಕೆಯಿಂದ ಒಂದು ನೂಲು ಸರಿಯುತ್ತದೆ, ಮುಂದಿನದರಲ್ಲಿ ಇನ್ನಷ್ಟು. ಕೊನೆಯದರಲ್ಲಿ ಬರೀ ಕಪ್ಪಿನ ಸುತ್ತ ನಡುಗುವ ಸುತ್ತು. ಪ್ರತಿಯೊಂದರ ಕೆಳಗೂ ನನ್ನ ಸಹಿ.

ಮಗಳು ಪಕ್ಕದ ಮನೆಯಲ್ಲೇ ಇದ್ದಾಳೆ. ನಡುವೆ ಒಂದು ಕಾಂಪೌಂಡ್ ಗೋಡೆ. ಫೈಲು ಕೈಯಲ್ಲಿ ಹಿಡಿದು ಮೂರು ಸಲ ಗೇಟಿನವರೆಗೆ ಹೋಗಿ ಬಂದಿದ್ದೇನೆ.