ಮೀನಿನ ಲಾರಿಯ ಹಿಂದಿನ ಡ್ರೈವರ್

ನನ್ನ ಅಣ್ಣ ಕರುಣಾಕರನಿಗೆ ದಾಕ್ಷಿಣ್ಯ ಎಂಬ ರೋಗವಿದೆ. ಒಬ್ಬರ ಮನೆಯಲ್ಲಿ ಒಂದು ಲೋಟ ಚಹಾ ಕುಡಿದನೆಂದರೆ ಮುಗಿಯಿತು, ಆ ಮನೆಯವರು ಬಾವಿಗೆ ಇಳಿ ಎಂದರೂ ಇವನು ಹಗ್ಗ ಎಲ್ಲಿದೆ ಎಂದು ಕೇಳುವವನು. ದಾಕ್ಷಿಣ್ಯಕ್ಕೆ ಬಸಿರಾದ ಹಾಗೆ ಎಂದು ನಮ್ಮ ಅಮ್ಮ ಅವನನ್ನು ಬೈಯುತ್ತಿದ್ದಳು. ಬೈಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ನನ್ನ ಹೆಸರು ವಿಜೇತಾ. ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ನನ್ನ ಕತ್ತರಿ ಹರಿತ, ನಾಲಿಗೆ ಅದಕ್ಕಿಂತ ಹರಿತ ಎಂದು ಗಿರಾಕಿಗಳೇ ಹೇಳುತ್ತಾರೆ.

ಅಣ್ಣ ಹುಟ್ಟಾ ಡ್ರೈವರ್. ಇನ್ನಂಜೆಯಲ್ಲಿ ಟೆಂಪೊ ಓಡಿಸಿ ಕಲಿತ, ಮಸ್ಕತ್ತಿಗೆ ಹೋಗಿ ಟ್ರೈಲರ್ ಓಡಿಸಿದ. ಆ ದೇಶದವರು ತಮ್ಮವರಿಗೇ ಕೆಲಸ ಎಂದು ಹೊರಟಾಗ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದ. ಸುಮ್ಮನೆ ಕೂರುವ ಜಾತಿ ಅವನದಲ್ಲ. ಬಂದ ತಿಂಗಳಲ್ಲೇ ಯಾವ ಕಂಪೆನಿಗೆ ಸೇರಲಿ ಎಂದು ವಿಚಾರಿಸತೊಡಗಿದ. ಅತ್ತಿಗೆ ಕುಶಲಾ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತಾ ಒಂದೇ ಮಾತು ಹೇಳಿದಳು: "ಸಂಬಳ ಎಷ್ಟಾದರೂ ಆಗಲಿ. ನೀವು ಜೀವಂತ ಮನೆಗೆ ಬರುವಂತ ಕಂಪೆನಿ ನೋಡಿ, ಅಷ್ಟು ಸಾಕು."

ಕರೆ ಬಂದದ್ದು ಎರಡು ಕಡೆಯಿಂದ. ಮೊದಲನೆಯದು ಮಣಿಪಾಲದ ಒಂದು ಕಂಪೆನಿ, ಅಚ್ಚಾದ ಪುಸ್ತಕಗಳನ್ನು ಊರೂರಿಗೆ ಸಾಗಿಸುವವರು. ಅಲ್ಲಿ ಚೈತಾಲಿ ಎಂಬ ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಅಣ್ಣನಿಗೆ ನಿಯಮಗಳನ್ನು ಓದಿ ಹೇಳಿದಳಂತೆ. ಗಾಡಿ ಹತ್ತುವ ಮೊದಲು ಪ್ರತಿದಿನ ಒಂದು ಯಂತ್ರಕ್ಕೆ ಊದಿ ಕುಡಿದಿಲ್ಲವೆಂದು ತೋರಿಸಬೇಕು. ಡ್ರೈವರನ ಮುಖಕ್ಕೇ ಕ್ಯಾಮೆರಾ. ಓಡಿಸುವ ಗಂಟೆ ಮುಗಿಯಿತು ಎಂದರೆ ಗಾಡಿ ನಿಲ್ಲಿಸಿ ಮಲಗಬೇಕು, ಲೋಡು ಹಾಳಾದರೂ ಅಡ್ಡಿಯಿಲ್ಲ. ಲೈಸೆನ್ಸಿನ ನಕಲು ತೆಗೆದುಕೊಂಡು ಅಸಲನ್ನು ಅಲ್ಲೇ ಕೈಗೆ ವಾಪಸು ಕೊಟ್ಟಳಂತೆ.

ಅಣ್ಣ ಮನೆಗೆ ಬಂದು ಕೆಂಪಗಾಗಿದ್ದ. "ಮೂಗು ಒರೆಸಲು ಬಾರದ ಹುಡುಗಿ ನನ್ನ ಹತ್ತಿರ ಪೀಪಿ ಊದಿ ಅಂತಾಳೆ! ನಾನು ಎಂತ, ಕಳ್ಳನಾ?"

ಎರಡನೆಯದು ಮಲ್ಪೆಯಿಂದ ಕೇರಳಕ್ಕೆ ಮೀನು ಸಾಗಿಸುವ ಯೋಗೀಶನ ಕಂಪೆನಿ. ಯೋಗೀಶ ಯಾವ ನಿಯಮವನ್ನೂ ಓದಲಿಲ್ಲ. ಬಾಳೆಲೆ ಹಾಕಿ, ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ ಬಡಿಸಿ, ಮನೆಯ ಹಿಂದಿನ ದೈವದ ಗುಡಿಯ ಮುಂದೆ ನಿಲ್ಲಿಸಿ, "ಕರುಣಣ್ಣ, ನಮ್ಮಲ್ಲಿ ಕ್ಯಾಮೆರಾ ಗೀಮರಾ ಎಂತದೂ ಇಲ್ಲ. ನೀವು ಮನೆಯವರು. ನೋಡಿಕೊಳ್ಳಲಿಕ್ಕೆ ದೈವ ಉಂಟಲ್ವಾ?" ಎಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಬಂಗುಡೆ ತಿಂದ ನನ್ನ ಅಣ್ಣ ಅಲ್ಲೇ ಬಿದ್ದ. ದೈವದ ಮುಂದೆ ನಿಂತು ಮಾತಾಡುವವನು ಸುಳ್ಳು ಹೇಳಲಾರ ಎಂಬುದು ನಮ್ಮ ಕಡೆಯವರ ಲೆಕ್ಕ. ಯೋಗೀಶನಿಗೆ ಆ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅಸಲು ಲೈಸೆನ್ಸನ್ನು ಯೋಗೀಶ ಕೇಳಿ ಪಡೆದು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ. "ದಾರಿಯಲ್ಲಿ ಕಳೆದು ಹೋದರೆ ಕಷ್ಟ, ಇಲ್ಲಿ ಭದ್ರ ಉಂಟು." ದಾರಿಗೆ ನಕಲು ಸಾಕಂತೆ, ಯಾರಾದರೂ ಹಿಡಿದರೆ ಯೋಗೀಶ ಫೋನಿನಲ್ಲಿ ಮಾತಾಡುತ್ತಾನಂತೆ. ನಾನು ಕೇಳಿ ಹೌಹಾರಿದೆ. ಅಣ್ಣನಿಗೆ ಏನೂ ಅನಿಸಲಿಲ್ಲ. ಮಸ್ಕತ್ತಿನಲ್ಲಿ ಅಷ್ಟೂ ವರ್ಷ ಪಾಸ್‌ಪೋರ್ಟ್ ಇದ್ದದ್ದು ಕಂಪೆನಿಯ ತಿಜೋರಿಯಲ್ಲಿ. ಗಲ್ಫಿನಲ್ಲಿ ದುಡಿದು ಬಂದವರಿಗೆ ಇದೊಂದು ಅಭ್ಯಾಸ, ತಮ್ಮ ಗುರುತು ಇನ್ನೊಬ್ಬರ ಬೀಗದೊಳಗಿದ್ದರೆ ಕೆಲಸ ಗಟ್ಟಿ ಎಂದು ನಂಬುತ್ತಾರೆ.

ಅಣ್ಣನಿಗೆ ಕೊಟ್ಟ ಲಾರಿಗೆ ಹೊಸ ನೀಲಿ ಬಣ್ಣ ಹೊಡೆದಿದ್ದರು. ಮೇಲೆ ಥಳುಕು, ಒಳಗೆ ಹುಳುಕು ಎಂದು ಅವತ್ತು ನಮಗೆ ಹೇಳುವವರು ಯಾರಿದ್ದರು? ಒಳಗೆ ಸ್ಟಿಯರಿಂಗಿನ ಮುಂದೆ ಅತ್ತೂರಿನ ಸಂತ ಲಾರೆನ್ಸರ ಒಂದು ಪುಟ್ಟ ಪಟ, ಅದಕ್ಕೆ ಸುತ್ತಿದ ಜಪಮಾಲೆ. ಕೆಲಸ ಬಿಟ್ಟು ಹೋಗುವ ಡ್ರೈವರ್ ಕೊನೆಗೆ ಗಾಡಿಯಿಂದ ಇಳಿಸುವುದು ತನ್ನ ದೇವರನ್ನು. ಆಮೇಲೆ ಬಂದವನು ತನ್ನ ದೇವರನ್ನು ಇಡುತ್ತಾನೆ. ಇನ್ನೊಬ್ಬನ ದೇವರನ್ನು ಮಾತ್ರ ಯಾರೂ ತೆಗೆದು ಬಿಸಾಡುವುದಿಲ್ಲ. ಅಣ್ಣನೂ ಮುಟ್ಟಲಿಲ್ಲ. ಪೆರ್ಡೂರಿನ ಅನಂತಪದ್ಮನಾಭನನ್ನು ಸಂತ ಲಾರೆನ್ಸರ ಪಕ್ಕದಲ್ಲೇ ಕೂರಿಸಿ, "ಇಬ್ಬರು ಇದ್ದರೆ ಇನ್ನೂ ಒಳ್ಳೆಯದು" ಎಂದುಕೊಂಡ.

"ಹಿಂದಿನ ಡ್ರೈವರ್ ಯಾರು?" ಎಂದು ಯೋಗೀಶನನ್ನು ಕೇಳಿದನಂತೆ.

"ಕಾರ್ಲ್ಟನ್ ಅಂತ, ಅತ್ತೂರಿನವ. ಕುವೈಟಿಗೆ ಹೋದ."

ಮೆಕ್ಯಾನಿಕನನ್ನು ಕೇಳಿದರೆ ಅವನು ಗೋವಾಕ್ಕೆ ಹೋದ ಎಂದ. ಐಸ್ ಪುಡಿಮಾಡುವವನನ್ನು ಕೇಳಿದರೆ ಅವನು ಸುತ್ತ ನೋಡಿ, ಬುಟ್ಟಿ ಎತ್ತಿಕೊಂಡು ಆಚೆ ನಡೆದ. ಅಣ್ಣ ನನ್ನ ಅಂಗಡಿಯಲ್ಲಿ ಕೂತು ಇದನ್ನು ತಮಾಷೆಯೆಂಬಂತೆ ಹೇಳಿದಾಗ ನಾನು ಹೊಲಿಯುವುದನ್ನು ನಿಲ್ಲಿಸಿದೆ. ಕುವೈಟಿಗೆ ಹೊರಟ ಕ್ರಿಶ್ಚಿಯನ್ ಹುಡುಗ ಪಾಸ್‌ಪೋರ್ಟನ್ನಾದರೂ ಮರೆತಾನು, ಮನೆಯವರು ಕೊಟ್ಟ ಜಪಮಾಲೆಯನ್ನು ಮರೆಯುತ್ತಾನೆಯೇ?

ಮೀನಿನ ಲಾರಿಗಳು ಮಧ್ಯಾಹ್ನದ ಮೇಲೆ ಮಲ್ಪೆ ಬಿಟ್ಟು ನಮ್ಮ ಕಾಪು ದಾಟುತ್ತವೆ. ಅಣ್ಣ ನನ್ನ ಅಂಗಡಿಯ ಮುಂದೆ ಹಾರ್ನ್ ಹೊಡೆದು ಹೋಗುವನು. ನಾನು ತಲೆಯೆತ್ತುವಷ್ಟರಲ್ಲಿ ಲಾರಿ ದಾಟಿರುತ್ತಿತ್ತು, ಕರಗಿದ ಐಸಿನ ಉಪ್ಪುನೀರು ರಸ್ತೆಯ ಮೇಲೆ ಗೆರೆ ಎಳೆದಿರುತ್ತಿತ್ತು. ಆ ನೀರು ರಸ್ತೆಗೆ ಮಾತ್ರ ಬೀಳುವುದಲ್ಲ, ಗಾಡಿಯ ಅಡಿಯ ಕಬ್ಬಿಣವನ್ನೂ ತಿನ್ನುತ್ತದೆ. ಒಳ್ಳೆಯ ಕಂಪೆನಿಯವರು ಪ್ರತಿ ಸಲ ಅಡಿಯನ್ನು ಸಿಹಿನೀರಿನಲ್ಲಿ ತೊಳೆಸುತ್ತಾರೆ. ಯೋಗೀಶ ಮೇಲೆ ಬಣ್ಣ ಹೊಡೆಸುತ್ತಾನೆ. ಕೆಲವು ವಾರ ಕಳೆದ ಮೇಲೆ ಅಣ್ಣ ಊಟ ಮಾಡುತ್ತಾ, "ಬ್ರೇಕ್ ಒಮ್ಮೊಮ್ಮೆ ತಡವಾಗಿ ಹಿಡೀತದೆ. ಹೇಳಿದ್ದೇನೆ. ಮುಂದಿನ ಟ್ರಿಪ್ಪಿಗೆ ನೋಡುವ ಅಂದಿದ್ದಾರೆ" ಎಂದ. ಅತ್ತಿಗೆ ಬಡಿಸುವ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು.

ನಾನು ಬಿಡಲಿಲ್ಲ. "ಆ ಜಪಮಾಲೆಯನ್ನು ಅವನ ಮನೆಗೆ ಮುಟ್ಟಿಸುವ. ದೇವರ ವಸ್ತು ಅಲ್ವಾ?" ಎಂದು ದೇವರ ಹೆಸರಿನಲ್ಲೇ ಅಣ್ಣನನ್ನು ಹೊರಡಿಸಿದೆ. ಒಂದು ಭಾನುವಾರ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಅತ್ತೂರಿಗೆ ಹೋದೆವು. ಚರ್ಚಿನ ಹತ್ತಿರ ಕೇಳಿದರೆ ಮನೆ ತೋರಿಸಿದರು. ಕಾರ್ಲ್ಟನನ ತಾಯಿ ಬೆನೆಡಿಕ್ಟಾ ಬಾಗಿಲನ್ನು ಅರ್ಧ ತೆರೆದು, "ಕಂಪೆನಿಯವರಾ?" ಎಂದು ಕೇಳಿದರು. ಅಷ್ಟು ಹೆದರಿದ ಕಣ್ಣುಗಳನ್ನು ನಾನು ನೋಡಿರಲಿಲ್ಲ.

"ಅಲ್ಲ ಬಾಯಮ್ಮ. ನಾನು ಈಗ ಆ ಗಾಡಿ ಓಡಿಸುವವ" ಎಂದು ಅಣ್ಣ ಎರಡೂ ಕೈಯಲ್ಲಿ ಜಪಮಾಲೆ ಮತ್ತು ಪಟವನ್ನು ಮುಂದೆ ಹಿಡಿದ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಹೆಂಡತಿ ಇದ್ದಾರಾ?" ಎಂದು ಕೇಳಿದರು.

ಕುವೈಟಿಗೆ ಹೋದ ಕಾರ್ಲ್ಟನ್ ಒಳಗಿನ ಕೋಣೆಯ ಮಂಚದ ಮೇಲಿದ್ದ. ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಕಬ್ಬಿಣದ ಸರಳುಗಳು. ಪಾಪ, ಮೂವತ್ತು ದಾಟಿರದ ಹುಡುಗ.

"ಶಾಲೆ ಬಿಟ್ಟ ಹೊತ್ತು" ಎಂದ. "ಮಕ್ಕಳು ರಸ್ತೆ ದಾಟ್ತಾ ಇದ್ರು. ಬ್ರೇಕ್ ಒತ್ತಿದೆ, ಎಂತದೂ ಇಲ್ಲ. ಎಡಕ್ಕೆ ತಿರುಗಿಸಿ ಕಲ್ಲಿನ ಗೋಡೆಗೆ ಕೊಟ್ಟೆ. ಮಕ್ಕಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವ. ನಾನು ನಿದ್ದೆ ಮಾಡಿದೆ ಅಂತ ಯೋಗೀಶಣ್ಣ ಪೊಲೀಸರ ಹತ್ತಿರ ಬರೆಸಿದ್ರು. ಬ್ರೇಕಿನ ವಿಷಯ ಮೊದಲೇ ಹೇಳಿದ್ದೆ ನಾನು. ಕೆಲಸ ಬಿಡ್ತೇನೆ ಅಂತಲೂ ಹೇಳಿದ್ದೆ. ಲೈಸೆನ್ಸ್ ಕೊಡಲಿಲ್ಲ. ಈಗ ಬಾಯಿ ಬಿಟ್ಟರೆ ಕೇಸು ಜಾಸ್ತಿ ಆಗ್ತದೆ ಅಂತ ಅವರ ಜನ ಬಂದು ಅಮ್ಮನಿಗೆ ಹೇಳಿ ಹೋಗಿದ್ದಾರೆ."

ಆಮೇಲೆ ಅವನು ಅಣ್ಣನ ಕಡೆಗೆ ಬಾಗಿ ಕೇಳಿದ: "ಅಡಿಯ ಪೈಪು ಬದಲಾಯಿಸಿದ್ದಾರಾ ಅಣ್ಣ? ಇಲ್ಲ ಬಣ್ಣ ಮಾತ್ರ ಹೊಡೆದದ್ದಾ?"

ಬಸ್ಸಿನಲ್ಲಿ ಬರುವಾಗ ಅಣ್ಣ ದಾರಿಯುದ್ದಕ್ಕೂ ಡ್ರೈವರನ ಬ್ರೇಕಿನ ಕಾಲನ್ನೇ ನೋಡುತ್ತಾ ಕೂತ.

ಮರುದಿನ ಬೆಳಿಗ್ಗೆ ಯೋಗೀಶನ ಅಂಗಳಕ್ಕೆ ನಾನೂ ಹೋದೆ. ಅಣ್ಣನನ್ನು ಒಬ್ಬನೇ ಬಿಟ್ಟರೆ ಮತ್ತೆ ಬಂಗುಡೆ ತಿಂದು ಬಂದಾನು ಎಂಬ ಭಯ ನನಗೆ. ಅಣ್ಣ ಮೊದಲು ಲಾರಿಯ ಅಡಿಗೆ ನುಸುಳಿದ. ಹೊರಗೆ ಬಂದಾಗ ಅವನ ಬೆರಳ ತುದಿಯಲ್ಲಿ ತುಕ್ಕಿನ ಚಕ್ಕೆಗಳಿದ್ದವು. ಬ್ರೇಕಿನ ಪೈಪು ಮುಟ್ಟಿದರೆ ಉದುರುತ್ತಿತ್ತು.

"ನನ್ನ ಲೈಸೆನ್ಸ್ ಕೊಡಿ ಯೋಗೀಶಣ್ಣ. ನಾನು ಬಿಡ್ತೇನೆ."

ಯೋಗೀಶ ನಕ್ಕ. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ಆಯ್ತಲ್ಲ ಕರುಣಣ್ಣ, ಯಾರು ಬೇಡ ಅಂದ್ರು? ಇವತ್ತಿನ ಲೋಡು ಮುಟ್ಟಿಸಿ ಬನ್ನಿ. ಬಂದ ಮೇಲೆ ಕೊಡ್ತೇನೆ."

"ಆ ಗಾಡಿ ರಸ್ತೆಗೆ ಹೋಗಬಾರದು."

"ಹಾಗಾದ್ರೆ ಕಪಾಟಿನ ಕೀ ಸಿಗ್ತಾ ಇಲ್ಲ ನನಗೆ" ಎಂದ ಯೋಗೀಶ, ಅದೇ ನಗುವಿನಲ್ಲಿ. ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ, ದೈವ ನೋಡುತ್ತಿದೆ ಎಂದೂ ಹೇಳಿದೆ. ಅವನು ಫೋನ್ ಎತ್ತಿ ಯಾರಿಗೋ ಹೇಳತೊಡಗಿದ: "ಒಬ್ಬ ಡ್ರೈವರ್ ಬೇಕು ಮಾರಾಯ. ಕರುಣಾಕರ ವಾಪಸು ಮಸ್ಕತ್ತಿಗೆ ಹೊರಟ." ನಾವಿಬ್ಬರೂ ಅವನ ಕಣ್ಣೆದುರೇ ನಿಂತಿದ್ದೆವು.

ಅಣ್ಣ ಗೇಟು ದಾಟಿ ಹೊರಗೆ ಬಂದ. ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ಆಗುವುದಿಲ್ಲ ಎಂದಿದ್ದ. ನನಗಂತೂ ಅವನನ್ನು ಹೊತ್ತು ಕುಣಿಯುವಷ್ಟು ಹೆಮ್ಮೆ. ಅತ್ತಿಗೆ ಅಂದು ಪಾಯಸ ಮಾಡಿದಳು. ಅಣ್ಣ ಮಣಿಪಾಲಕ್ಕೆ ಹೋಗಿ ತಲೆ ತಗ್ಗಿಸಿ ನಿಂತಾಗ ಚೈತಾಲಿ ಏನೂ ಕುಟುಕಲಿಲ್ಲವಂತೆ, "ಕೆಲಸ ಉಂಟು ಅಂಕಲ್, ಅಸಲು ಲೈಸೆನ್ಸ್ ತೋರಿಸಿದರೆ ಸಾಕು" ಎಂದಳಂತೆ. ಕಳೆದುಹೋಗಿದೆ ಎಂದು ಬರೆದುಕೊಟ್ಟು ಇನ್ನೊಂದು ಲೈಸೆನ್ಸಿಗೆ ಅರ್ಜಿ ಹಾಕಿದೆವು. ಸುಳ್ಳು ಬರೆಯುವುದು ಅಣ್ಣನಿಗೆ ಸಂಕಟ, ನಾನೇ ಹತ್ತಿರ ಕೂತು ಬರೆಸಿದೆ. ಅದು ಬರುವವರೆಗೆ ಅವನು ಮಧ್ಯಾಹ್ನವೆಲ್ಲ ನನ್ನ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಂಡು ಕೂರುತ್ತಿದ್ದ. ಕಣ್ಣು ಮಾತ್ರ ರಸ್ತೆಯ ಮೇಲೆ. ಆ ನೀಲಿ ಲಾರಿ ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಪೈಪು ಸರಿ ಮಾಡಿಸುತ್ತಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಅದು ಬಂತು. ಅಣ್ಣ ಗುಂಡಿಯ ಡಬ್ಬಿ ಚೆಲ್ಲಿ ಓಡಿದ. ಕೈ ಬೀಸುತ್ತಾ ರಸ್ತೆಯ ಬದಿಗೆ ನಿಂತ. ಲಾರಿ ಅವನನ್ನು ದಾಟಿ, ಬಸ್ ನಿಲ್ದಾಣವನ್ನೂ ದಾಟಿ, ಎಷ್ಟೋ ಮುಂದೆ ಹೋಗಿ ನಿಂತಿತು. ನಾನೂ ಹಿಂದೆ ಓಡಿದೆ. ಡ್ರೈವರ್ ಬ್ರ್ಯಾಂಡನ್ ಎಂಬವನು, ಶಿರ್ವದ ಕಡೆಯವನು, ಹೊಸದಾಗಿ ಮದುವೆಯಾದವನಂತೆ, ಕೈಯ ಉಂಗುರ ಇನ್ನೂ ಮಿಂಚುತ್ತಿತ್ತು.

"ನಾನು ಕರುಣಾಕರ. ಈ ಗಾಡಿ ಓಡಿಸ್ತಿದ್ದವ."

"ನೀವು ಮಸ್ಕತ್ತಿಗೆ ಹೋದ್ರಿ ಅಂದ್ರು?"

ಅಣ್ಣ ಎಲ್ಲವನ್ನೂ ಹೇಳಿದ, ಕಾರ್ಲ್ಟನ್, ಗೋಡೆ, ತುಕ್ಕು ಎಲ್ಲ. ಆ ಹುಡುಗನ ಮುಖ ಬಿಳುಚಿತು. ಹೊಸ ಪೈಪು ಹಾಕಿದ್ದಾರೆಂದು ಯೋಗೀಶ ಅವನಿಗೂ ದೈವದ ಮುಂದೆ ಹೇಳಿದ್ದನಂತೆ.

"ಇಲ್ಲೇ ನಿಲ್ಲಿಸಿ ಇಳಿ ಮಾರಾಯ" ಎಂದೆ ನಾನು.

"ಹೇಗೆ ಇಳಿಯುದು ಅಕ್ಕ? ನನ್ನ ಲೈಸೆನ್ಸೂ ಅವರ ಹತ್ತಿರವೇ ಉಂಟು. ಮೀನು ಹಾಳಾದರೆ ನನ್ನನ್ನು ಬಿಡ್ತಾರಾ?" ಎಂದು ಅವನು ಗೇರ್ ಹಾಕಿದ. "ನಿಧಾನ ಹೋಗ್ತೇನೆ" ಎಂದ, ನಮ್ಮಲ್ಲಿ ಅಪ್ಪಣೆ ಕೇಳುವವನ ಹಾಗೆ.

ಅಣ್ಣ ಲಾರಿಯ ಮುಂದಿನಿಂದ ಸುತ್ತಿ ಆಚೆ ಬದಿಗೆ ಹೋದ. ಬಾಗಿಲು ತೆರೆದ ಸದ್ದು ಕೇಳಿದಾಗಲೇ ನನಗೆ ಗೊತ್ತಾದದ್ದು.

"ಅಣ್ಣ, ಇಳಿ! ನಿನಗೆ ಎಂತ ಹುಚ್ಚಾ?"

"ಅವನಿಗೆ ಈ ಗಾಡಿ ಗೊತ್ತಿಲ್ಲ ವಿಜೇತಾ. ಗೇರಿನಲ್ಲೇ ನಿಲ್ಲಿಸಲಿಕ್ಕೆ ಹೇಳಿಕೊಡ್ತೇನೆ. ಮೂಲ್ಕಿ ದಾಟುವ ತನಕ ಶಾಲೆ ಬಿಡುವ ಹೊತ್ತು. ಅವನೊಬ್ಬನನ್ನೇ ಹೇಗೆ ಕಳಿಸುದು?"

"ಅತ್ತಿಗೆಗೆ ಎಂತ ಹೇಳ್ಲಿ ನಾನು?"

ಅವನು ಏನೋ ಹೇಳಿದ, ಇಂಜಿನಿನ ಸದ್ದಿಗೆ ಕೇಳಿಸಲಿಲ್ಲ. ಲಾರಿ ಹೊರಟಿತು. ನಾನು ಚಪ್ಪಲಿ ಕಳಚಿ ಸ್ವಲ್ಪ ದೂರ ಅದರ ಹಿಂದೆ ಓಡಿದೆ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು, ಯೋಗೀಶನ ಮೇಲಲ್ಲ, ನನ್ನ ಅಣ್ಣನ ಮೇಲೆ. ಬಿಳಿ ನೀಲಿ ಸಮವಸ್ತ್ರದ ಮಕ್ಕಳು ಚೀಲ ಹೊತ್ತು ರಸ್ತೆಯ ಎರಡೂ ಬದಿಯಲ್ಲಿ ದಾಟಲು ಕಾಯುತ್ತಿದ್ದರು.

ಅಂಗಡಿಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ಅವನ ಫೋನು ಗುಂಡಿಗಳ ನಡುವೆ ನೆಲದ ಮೇಲೆ ಬಿದ್ದು ಅಲ್ಲೇ ರಿಂಗಾಯಿತು. ಎತ್ತಿ ಕೈಯಲ್ಲಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ರಿಂಗಾಯಿತು. ಯೋಗೀಶ.

"ಯಾರು, ತಂಗಿಯಾ? ಒಂದು ವಿಷಯ ಹೇಳಿಬಿಡುವ ಅಂತ ಮಾಡಿದೆ" ಎಂದ, ಅದೇ ಮೆತ್ತಗಿನ ಸ್ವರದಲ್ಲಿ. "ಕರುಣಣ್ಣ ನಮ್ಮ ಗಾಡಿ ಹತ್ತಿದ್ದಾರೆ ಅಂತ ಬ್ರ್ಯಾಂಡನ್ ಫೋನ್ ಮಾಡಿದ್ದ. ನಾಳೆ ಏನಾದ್ರೂ ಆದ್ರೆ, ಅವರು ಈಗ ನಮ್ಮ ಕಂಪೆನಿಯವರಲ್ಲ, ಅಲ್ವಾ? ನೀವೇ ನೋಡಿದ್ದೀರಲ್ಲ, ಬಿಟ್ಟು ಹೋದದ್ದು."