ಆಷಾಢದಲ್ಲಿ ಗಿರಿಜಕ್ಕನ ಕರಾಟೆ

ಆಗೆಲ್ಲ ಅರಸೀಕೆರೆಯಲ್ಲಿ ಆಷಾಢ ಬಂತೆಂದರೆ ಬೇರೆಯವರ ಮನೆಯಲ್ಲಿ ಗಾಳಿಯ ಮಾತು, ನಮ್ಮ ಮನೆಯಲ್ಲಿ ಕ್ಯಾಮೆರಾದ ಮಾತು. ಚಿಕ್ಕಪ್ಪ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ವರ್ಷವೆಲ್ಲ ಅವನ ಹೆಗಲ ಮೇಲೇ ಇರುತ್ತಿದ್ದ ಕ್ಯಾಮೆರಾ ಆ ಒಂದು ತಿಂಗಳು ಅಜ್ಜಿಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಮಲಗಿರುತ್ತಿತ್ತು. ಅದರ ಪೆಟ್ಟಿಗೆ ತೆರೆದರೆ ಮಲ್ಲಿಗೆ, ಕರ್ಪೂರ, ಯಾವುದೋ ಛತ್ರದ ಸಾರಿನ ಒಗ್ಗರಣೆ ಎಲ್ಲ ಸೇರಿದ ಒಂದು ವಾಸನೆ. ಆರನೇ ಕ್ಲಾಸಿನಲ್ಲಿದ್ದ ನಾನು ಆ ವಾಸನೆ ನೋಡಲೆಂದೇ ಪೆಟ್ಟಿಗೆ ತೆರೆದು ಬೈಸಿಕೊಳ್ಳುತ್ತಿದ್ದೆ.

ಆ ವರ್ಷ ಜೂನ್‌ನಲ್ಲಿ ಮಾದಿಹಳ್ಳಿಯಿಂದ ಗಿರಿಜಕ್ಕ ನಮ್ಮ ಮನೆಗೆ ಬಂದಳು. ದೊಡ್ಡಪ್ಪನ ಮಗಳು, ಒಂಬತ್ತನೇ ಕ್ಲಾಸು. ಊರಿನಲ್ಲಿ ತೆಂಗಿನ ತೋಟ, ಹಸುಗಳನ್ನು ನೋಡಿಕೊಂಡಿದ್ದ ದೊಡ್ಡಪ್ಪನಿಗೆ ಮಗಳನ್ನು ಟೌನಿಗೆ ಕಳಿಸಲು ಸುತರಾಂ ಇಷ್ಟವಿರಲಿಲ್ಲ. ಅಜ್ಜಿ ಹಟ ಹಿಡಿದು ಕರೆಸಿಕೊಂಡಿದ್ದಳು. "ಏನಾರ ಒಂದು ಮಾತು ನನ್ ಕಿವಿಗೆ ಬಿತ್ತು ಅಂದ್ರೆ, ಅವತ್ತೇ ಬಂದು ಕರ್ಕಂಡೋಯ್ತೀನಿ" ಎಂದು ಹೇಳಿಯೇ ದೊಡ್ಡಪ್ಪ ಬಸ್ಸು ಹತ್ತಿದ್ದರು.

ಗಿರಿಜಕ್ಕನಿಗೆ ಇದ್ದದ್ದು ಒಂದೇ ಆಸೆ. ಶಾಲೆಯಲ್ಲಿ ಎಲ್ಲರಿಗೂ ತಾನು ಗೊತ್ತಿರಬೇಕು. ಊರಿನ ಶಾಲೆಯಲ್ಲಿ ಅವಳು ರಾಣಿಯ ಹಾಗೆ ಮೆರೆದವಳು. ಇಲ್ಲಿ ಮುಂದಿನ ಬೆಂಚು ಡಾಕ್ಟರ ಮಗಳು ರಶ್ಮಿಯದು. ಅವಳು ಮತ್ತು ಅವಳ ಗುಂಪು ಗಿರಿಜಕ್ಕನ ಹೆಸರನ್ನೂ ಕೇಳದೆ "ಏ ಮಾದಿಹಳ್ಳಿ, ಸ್ವಲ್ಪ ಆ ಕಡೆ ಸರಿ" ಎನ್ನುತ್ತಿದ್ದರು. ಅಕ್ಕ ಏನೆಲ್ಲ ಮಾಡಲಿಲ್ಲ! ಜಡೆಯನ್ನು ದಿನಕ್ಕೊಂದು ತರಹ ಹೆಣೆದುಕೊಂಡಳು. ಕನ್ನಡಿಯ ಮುಂದೆ ನಿಂತು 'ಐತೆ' ಬಿಟ್ಟು 'ಇದೆ' ಎನ್ನುವುದನ್ನು ಅಭ್ಯಾಸ ಮಾಡಿದಳು. ಅಜ್ಜಿ ಮಾಡಿದ ಕೊಬ್ಬರಿ ಮಿಠಾಯಿಯನ್ನು ಡಬ್ಬಿಗಟ್ಟಲೆ ಒಯ್ದು ಹಂಚಿದಳು. ಅವರು ಮಿಠಾಯಿ ತಿಂದರು, ಬೆರಳು ನೆಕ್ಕಿದರು, ಮಾರನೇ ದಿನ ಮತ್ತೆ ಮಾದಿಹಳ್ಳಿ ಎಂದರು. ನನಗಂತೂ ಆ ಮಿಠಾಯಿಯ ಲೆಕ್ಕದಲ್ಲಿ ಇವತ್ತಿಗೂ ರಶ್ಮಿಯ ಮೇಲೆ ಸಿಟ್ಟಿದೆ.

ಹೀಗಿರುವಾಗ ಒಂದು ಭಾನುವಾರ ಕೇಬಲ್‌ನಲ್ಲಿ ಯಾವುದೋ ಚೀನಾದ ಸಿನಿಮಾ ಬಂತು. ಅಕ್ಕನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಗೋಡೆ ಹತ್ತಿ, ಹಾರಿ, ಊರಿನ ಕೇಡಿಗಳನ್ನೆಲ್ಲ ಒದೆಯುತ್ತಾಳೆ. ಊರಿಗೆ ಊರೇ ಅವಳ ಮುಂದೆ ತಲೆಬಾಗುತ್ತದೆ. ಸೋಮವಾರ ಮುಂದಿನ ಬೆಂಚಿನಲ್ಲಿ ಅದೇ ಮಾತು. ಗಿರಿಜಕ್ಕ ಇದ್ದಕ್ಕಿದ್ದಂತೆ "ನಾನೂ ಒಂದು ಕರಾಟೆ ಸಿನಿಮಾದಲ್ಲಿ ಮಾಡ್ತಾ ಇದೀನಿ, ಕೇಬಲ್‌ನಲ್ಲಿ ಬರುತ್ತೆ" ಅಂದುಬಿಟ್ಟಳಂತೆ. ಸಂಜೆ ಮನೆಗೆ ಬಂದವಳೇ ಚಿಕ್ಕಪ್ಪನ ಮುಂದೆ ಕೂತು ಅತ್ತಳು.

"ಸಿನಿಮಾ ಬರ್ಲಿಲ್ಲ ಅಂದ್ರೆ ನಾನು ಆ ಸ್ಕೂಲಿಗೆ ಕಾಲಿಡಲ್ಲ. ಊರಿಗೇ ಹೋಗ್ತೀನಿ."

ಮದುವೆಗಳಿಲ್ಲದೆ ಆಕಳಿಸುತ್ತ ಕೂತಿದ್ದ ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. "ಅಳಬೇಡ ಸುಮ್ನಿರೇ. ಸಿನಿಮಾ ತಾನೇ? ತೆಗಿಯೋಣ. ಹೆಂಗೂ ಕ್ಯಾಮೆರಾ ಬೂಜು ಹಿಡೀತಿದೆ" ಅಂದ. ಕೇಬಲ್‌ನವರು ಅವನ ಗೆಳೆಯರು. ಭಾನುವಾರ ಸಂಜೆ ತಮ್ಮದೇ ಚಾನೆಲ್ಲಿನಲ್ಲಿ ಅವರು ಊರಿನವರ ಮದುವೆ ಕ್ಯಾಸೆಟ್ಟುಗಳನ್ನು ಹಾಕುತ್ತಿದ್ದರು. ಅದರ ಜೊತೆಗೆ ಇದೂ ಒಂದು.

ಕರಾಟೆ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದೊಂದು ಕೊರತೆ ಎಂದು ಯಾರಿಗೂ ಅನ್ನಿಸಲೂ ಇಲ್ಲ. ಚಿಕ್ಕಪ್ಪನ ಬಿಳಿ ಪೈಜಾಮ ಜುಬ್ಬವೇ ಅಕ್ಕನ ವೇಷ, ಜಡೆಗೆ ಕಟ್ಟುವ ಕಪ್ಪು ಟೇಪುಗಳನ್ನು ಒಂದಕ್ಕೊಂದು ಹೊಲಿದು ಬೆಲ್ಟು. ಅಜ್ಜಿ ಹಣೆ ತುಂಬ ವಿಭೂತಿ ಬಳಿದುಕೊಂಡು ಗುರುವಾದಳು. ತಾಲ್ಲೂಕು ಕಚೇರಿಯ ಗುಮಾಸ್ತನಾಗಿದ್ದ ಅಪ್ಪ ಕರಿಕಂಬಳಿ ಹೊದ್ದು ಕೇಡಿಗಳ ನಾಯಕನಾದ. ಅಮ್ಮ ಮತ್ತು ನಾನು ಅವನ ಬಂಟರು.

ಮೊದಲ ದಿನವೇ ತೊಡಕು ಬಂತು. ಅಪ್ಪ ಹಿತ್ತಿಲಲ್ಲಿ ನಿಂತು ಗಹಗಹಿಸುತ್ತಿದ್ದ. ಗಿರಿಜಕ್ಕ ಓಡಿ ಬಂದು ಒದ್ದಳು. ಕಾಲು ಅವನ ಎದೆಗೆ ಸೋಕಿತಷ್ಟೇ, ಅಜ್ಜಿ ಕೂಗಿಕೊಂಡಳು.

"ಅಯ್ಯೋ ಶಿವನೇ! ದೊಡ್ಡೋರಿಗೆ ಕಾಲು ತಾಗಿಸ್ತೀಯೇನೇ? ನಮಸ್ಕಾರ ಮಾಡು ಮೊದ್ಲು!"

"ಅಜ್ಜಿ, ಇದು ಸಿನಿಮಾ."

"ಸಿನಿಮಾ ಆದ್ರೇನು, ಕಾಲು ನಿಂದೇ ಅಲ್ವೇನೇ?"

ಅಂದಿನಿಂದ ಕಾನೂನಾಯಿತು. ಹಿರಿಯರಿಗೆ ಒದ್ದ ಕೂಡಲೇ ಕಾಲಿಗೆ ಬೀಳಬೇಕು. ಒದೆ ತಿಂದವರು ಕೈಯೆತ್ತಿ ಹರಸಬೇಕು, ಇಲ್ಲದಿದ್ದರೆ ದೋಷ ಹೋಗುವುದಿಲ್ಲ. ಚಿಕ್ಕಪ್ಪ ತನ್ನದೂ ಒಂದು ಸೇರಿಸಿದ. "ನನ್ ಕ್ಯಾಮೆರಾ ಮುಂದೆ ಯಾರೂ ಸಾಯೋ ಹಂಗಿಲ್ಲ. ಶ್ರಾವಣಕ್ಕೆ ಇದೇ ಕ್ಯಾಮೆರಾ ತಾಳಿ ಕಟ್ಟೋದನ್ನ ಹಿಡೀಬೇಕು." ಹಾಗಾಗಿ ಸೋತ ಕೇಡಿಗಳೆಲ್ಲ ಊಟದ ಪಂಕ್ತಿಗೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂರುವುದೆಂದಾಯಿತು. ನಾನು ಚಿಕ್ಕವಳಾದ್ದರಿಂದ ನನಗೆ ಬಿದ್ದ ಒದೆಗಳಿಗೆ ನಮಸ್ಕಾರವೂ ಇಲ್ಲ, ಗಿಮಸ್ಕಾರವೂ ಇಲ್ಲ.

ಗುರುವಿನ ಹತ್ತಿರ ವಿದ್ಯೆ ಕಲಿಯುವ ಭಾಗಕ್ಕೆ ಹಳೇಬೀಡಿನ ಹತ್ತಿರದ ಹುಲಿಕೆರೆಗೆ ಹೋದೆವು. ಅಲ್ಲಿಯ ಕಲ್ಲಿನ ಕೊಳದ ಮೆಟ್ಟಿಲುಗಳು ಥೇಟ್ ಚೀನಾದ ಹಾಗೇ ಕಾಣುತ್ತವೆ ಎಂದು ಚಿಕ್ಕಪ್ಪನ ವಾದ. ಚೀನಾವನ್ನು ಅವನೂ ನೋಡಿರಲಿಲ್ಲ. ತುಂತುರು ಮಳೆಯಲ್ಲಿ ಗಿರಿಜಕ್ಕ ಮೆಟ್ಟಿಲು ಹತ್ತಿ ಇಳಿದಳು. ಅಜ್ಜಿ ಮೇಲಿನ ಮೆಟ್ಟಿಲಲ್ಲಿ ಕೂತು "ಇನ್ನೂ ಜೋರಾಗಿ! ಸೊಂಟ ಬಗ್ಗಿಸು! ಬೆಳಗ್ಗೆ ರೊಟ್ಟಿ ತಿಂದಿಲ್ವಾ?" ಎಂದು ಗದರಿದಳು. ಇದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಮಧ್ಯಾಹ್ನ ಮರದಡಿ ಕೂತು ಅಕ್ಕಿ ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿಕೊಂಡು ತಿಂದೆವು. ಕಂಬಳಿಯಲ್ಲೇ ಕೂತಿದ್ದ ಅಪ್ಪನನ್ನು ಕುರಿ ಕಾಯುವವನೊಬ್ಬ "ಯಾವ್ ಹಟ್ಟಿಯೋರಪ್ಪಾ?" ಎಂದು ಕೇಳಿದ. ಅಮ್ಮ ಅಷ್ಟು ನಕ್ಕಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ತೆಗೆದದ್ದನ್ನು ಜೋಡಿಸಿ ಹೆಸರು, ಸಂಗೀತ ಹಾಕುವುದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದರು. ಚಿಕ್ಕಪ್ಪ ತೆಗೆದ ಮದುವೆಗಳೆಲ್ಲ ಹಾಸನದ ಒಬ್ಬ ಮಿಕ್ಸಿಂಗ್‌ನವನ ಬಳಿಗೆ ಹೋಗುತ್ತಿದ್ದವು. ಇದೂ ಹೋಯಿತು. ಫೋನಿನಲ್ಲಿ ಚಿಕ್ಕಪ್ಪ ಹೇಳಿದ್ದಿಷ್ಟೇ, ಹುಡುಗಿಯ ಹೆಸರು ಗಿರಿಜಾ, ಚೆನ್ನಾಗಿ ಮಾಡು. ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಬಂದ ಕ್ಯಾಸೆಟ್ಟು ನೇರವಾಗಿ ಕೇಬಲ್ ಆಫೀಸಿಗೆ ಹೋಯಿತು. ನಾವೆಲ್ಲ ಕಾರ ಮಂಡಕ್ಕಿ ಹಿಡಿದು ಟಿ.ವಿ. ಮುಂದೆ ಕೂತೆವು. ಗಿರಿಜಕ್ಕ ತಲೆಸ್ನಾನ ಮಾಡಿ ಬಂದಿದ್ದಳು.

ಮೊದಲು ಒಂದು ಕಮಲ ಅರಳಿತು. ಅದರೊಳಗಿಂದ "ಚಿ. ಕುಂ. ಸೌ. ಗಿರಿಜಾ" ಎಂಬ ಬಂಗಾರದ ಅಕ್ಷರಗಳು ಎದ್ದುಬಂದವು. ಹಿಂದೆ ವಾಲಗ. ಅಕ್ಕ ಒದ್ದಾಗಲೆಲ್ಲ ಗುಲಾಬಿ ಎಸಳು ಉದುರಿದವು. ಅಪ್ಪನ ಕಾಲಿಗೆ ಬಿದ್ದಾಗ ತೆರೆಯ ತುಂಬ ಅಕ್ಷತೆಯ ಮಳೆ. ಕೊನೆಯ ದೊಡ್ಡ ಹೊಡೆದಾಟಕ್ಕೆ ಗಟ್ಟಿಮೇಳ ಬಾರಿಸಿತು. ಅಮ್ಮನ ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು. ಚಿಕ್ಕಪ್ಪ ಹಾಸನಕ್ಕೆ ಫೋನು ಹಚ್ಚಿ ಅರಚಿದ. ಆ ಕಡೆಯವನೂ ಬಿಡಲಿಲ್ಲ. "ಹುಡುಗಿ ಒಬ್ಬೊಬ್ರ ಕಾಲಿಗೂ ಬೀಳ್ತಾ ಅವ್ಳೆ, ಹಿರೀಕ್ರು ಕೈಯೆತ್ತಿ ಹರಸ್ತಾ ಅವ್ರೆ, ಸಾಲಾಗಿ ಊಟಕ್ಕೆ ಕೂತವ್ರೆ. ನಾನಿನ್ನೇನು ಅನ್ಕಳ್ಲಿ ಸಾರ್? ಒದೆಯೋದನ್ನ ಡ್ಯಾನ್ಸ್ ಅನ್ಕಂಡೆ!"

ಸೋಮವಾರ ಇಡೀ ಶಾಲೆಗೆ ಗಿರಿಜಕ್ಕ ಗೊತ್ತಿದ್ದಳು. "ಹುಡುಗ ಯಾರೇ?" "ನಮ್ಮನ್ನ ಕರೀಲೇ ಇಲ್ವಲ್ಲೇ!" ನನ್ನ ಶಾಲೆಯೂ ಅದೇ ಕಾಂಪೌಂಡಿನಲ್ಲಿ, ಪ್ರಾರ್ಥನೆಗೆ ಎಲ್ಲರೂ ಒಟ್ಟಿಗೇ ನಿಲ್ಲುತ್ತಿದ್ದೆವು. ಹೆಡ್ ಮೇಡಂ ಅಕ್ಕನನ್ನು ಧ್ವಜದ ಕಟ್ಟೆಯ ಹತ್ತಿರ ಕರೆದರು.

"ಒಂಬತ್ತನೇ ಕ್ಲಾಸಿಗೇ ಮದುವೆಯೇನೇ? ನಿಮ್ಮನೇಲಿ ದೊಡ್ಡೋರಿಗೆ ಬುದ್ಧಿ ಇಲ್ವಾ?"

"ಮದ್ವೆ ಅಲ್ಲ ಮಿಸ್. ಕರಾಟೆ."

"ಕರಾಟೆಯಲ್ಲಿ ಯಾರಾದ್ರೂ ಕಾಲಿಗೆ ಬೀಳ್ತಾರಾ?"

ಅಕ್ಕನ ಕಣ್ಣು ತುಂಬಿತ್ತು. ಇನ್ನೇನು ಅಳುತ್ತಾಳೆ ಅಂದುಕೊಂಡೆ. ಆದರೆ ಅವಳ ಬಾಯಿಂದ ಬಂದದ್ದು ಬೇರೆ. "ಏನ್ಮಾಡದು ಮಿಸ್, ನಮ್ಮಜ್ಜಿ ಪಕ್ಕದಾಗೇ ಕೂತೈತೆ!" ಅಂದಳು. ಹುಡುಗಿಯರು ಗೊಳ್ಳೆಂದರು. ಆ ನಗು ಕೇಳಿದ್ದೇ ತಡ, ಅವಳು ಕಟ್ಟೆ ಹತ್ತಿ ಇಡೀ ಸಿನಿಮಾವನ್ನು ಆಡಿ ತೋರಿಸಿದಳು. ಕಂಬಳಿಯ ಅಪ್ಪ, ಕೂಗುವ ಅಜ್ಜಿ, ಕ್ಯಾಮೆರಾ ಹಿಡಿದು ಹಿಂದಕ್ಕೆ ನಡೆಯುತ್ತ ಸಗಣಿ ತುಳಿದ ಚಿಕ್ಕಪ್ಪ, ಎಲ್ಲ ಅವಳೇ. ಒದ್ದಳು, ನಮಸ್ಕರಿಸಿದಳು, ಹರಸಿದಳು. ಮಾತೆಲ್ಲ ಶುದ್ಧ ಮಾದಿಹಳ್ಳಿಯದು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪ್ರಾರ್ಥನೆ ಮುಗಿದ ಮೇಲೆ ರಶ್ಮಿ ಬಂದು "ಗಿರಿಜಾ, ನಮ್ ಬೆಂಚಿಗೆ ಬಾರೇ" ಅಂದಳು.

ಆ ಖುಷಿ ಸಂಜೆಯವರೆಗಷ್ಟೇ. ದೊಡ್ಡಪ್ಪ ಅಂದು ಕೊಬ್ಬರಿ ಮಾರಲು ಮಾರುಕಟ್ಟೆಗೆ ಬಂದಿದ್ದರು. ಅಲ್ಲಿ ಸಿಕ್ಕ ನೆಂಟರು ಮಗಳ ಮದುವೆಗೆ ಕರೆಯಲಿಲ್ಲವೆಂದು ಮುನಿಸಿಕೊಂಡರಂತೆ. ದೊಡ್ಡಪ್ಪ ಖಾಲಿ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತರು.

"ಬಟ್ಟೆ ತುಂಬ್ಕಳೇ. ಓದಿದ್ದು ಸಾಕು. ಕೊನೇ ಬಸ್ಸಿಗೆ ಹೊರಡಣ."

ಗಿರಿಜಕ್ಕ ಕಂಬ ಹಿಡಿದು ನಿಂತಳು. ಬೆಳಗ್ಗೆಯಷ್ಟೇ ಸಿಕ್ಕ ಶಾಲೆ ಸಂಜೆಗೆ ಕೈತಪ್ಪುವುದರಲ್ಲಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಅಣ್ಣನನ್ನು ಕಂಡು ಗೋಡೆಗೆ ಸರಿದು ನಿಂತರು. ಅಜ್ಜಿ ಮಾತ್ರ ಮಣೆ ಹಾಕಿದಳು. "ಕೂತ್ಕೊಂಡು ಮೊದ್ಲು ನೋಡ್ಲಾ. ಆಮೇಲೆ ಕೂಗಾಡು."

ಚಿಕ್ಕಪ್ಪ ಕೇಬಲ್ ಆಫೀಸಿನಿಂದ ತಂದಿಟ್ಟಿದ್ದ ಕ್ಯಾಸೆಟ್ಟು ಹಾಕಿದ. ಕಮಲ ಅರಳಿತು, ವಾಲಗ ಊದಿತು. ದೊಡ್ಡಪ್ಪ ಕಲ್ಲಿನಂತೆ ಕೂತಿದ್ದರು. ತೆರೆಯ ಮೇಲೆ ಅಪ್ಪ ಒದೆ ತಿಂದು, ಹರಸಿ, ಚಕ್ಕಳಮಕ್ಕಳ ಹಾಕಿ ಕೂತ. "ಇನ್ನೊಂದ್ ಸಲ ಹಾಕು" ಅಂದರು. ಹಾಕಿದಾಗ ಅವರ ಭುಜ ಕುಲುಕತೊಡಗಿತು. ಆಮೇಲೆ ಆ ಮನುಷ್ಯ ನಕ್ಕ ನಗುವಿಗೆ ಪಕ್ಕದ ಮನೆಯವರು ಬಂದು ಇಣುಕಿದರು. ನಗು ನಿಂತ ಮೇಲೆ ಅವರ ಮುಖ ಸಣ್ಣದಾಯಿತು.

"ಎಲ್ರೂ ಒದೆ ತಿಂದವ್ರೆ. ಹೆತ್ತಪ್ಪ ನಾನೇ ಇಲ್ವಲ್ಲವ್ವಾ. ನನ್ನ ಯಾಕೆ ಕರೀಲಿಲ್ಲ?"

ಗಿರಿಜಕ್ಕ ಬಿಕ್ಕಿದಳು. "ನೀನು ಬೈತೀಯ ಅಂತ ಹೆದ್ರಿಕೆ ಆಯ್ತು ಕಣಪ್ಪಾ."

ಚಿಕ್ಕಪ್ಪ ಬೀರುವಿನ ಕಡೆಗೆ ಓಡಿದ. ದೊಡ್ಡಪ್ಪ ಅಪ್ಪನ ಕಂಬಳಿ ಹೊದ್ದು ಅಂಗಳಕ್ಕಿಳಿದು ಎದೆ ಸೆಟೆಸಿ ನಿಂತರು. ಅಕ್ಕ ಶಾಲೆಯ ಲಂಗದಲ್ಲೇ ಓಡಿಬಂದು ಒದ್ದಳು, ಕಾಲಿಗೆ ಬಿದ್ದಳು. ಅವರ ಕೈ ಅವಳ ತಲೆಯ ಮೇಲೆ ಹೋಗಿ ಕೂತಿತು, ಎಷ್ಟು ಹೊತ್ತಾದರೂ ಏಳಲಿಲ್ಲ. ಚಿಕ್ಕಪ್ಪನೂ ಕ್ಯಾಮೆರಾ ನಿಲ್ಲಿಸಲಿಲ್ಲ. ಕೊನೆಯ ಬಸ್ಸಿಗೆ ದೊಡ್ಡಪ್ಪ ಒಬ್ಬರೇ ಹೋದರು.

ಈಗ ಅಜ್ಜಿಯಿಲ್ಲ, ದೊಡ್ಡಪ್ಪನಿಲ್ಲ. ಚಿಕ್ಕಪ್ಪ ಕ್ಯಾಮೆರಾ ಮಾರಿ ವರ್ಷಗಳೇ ಆದವು. ಗಿರಿಜಕ್ಕ ತಿಪಟೂರಿನಲ್ಲಿ ಟೀಚರಾಗಿದ್ದಾಳೆ. ಅವಳ ಮಗಳಿಗೂ ಈಗ ಅದೇ ವಯಸ್ಸು, ಅದೇ ಆಸೆ. ಕೋಣೆಯ ಬಾಗಿಲು ಹಾಕಿಕೊಂಡು, ಫೋನನ್ನು ಕಿಟಕಿಗೆ ಒರಗಿಸಿ, ಒಬ್ಬಳೇ ಕುಣಿದು ವಿಡಿಯೋ ಹಾಕುತ್ತಾಳೆ. ಸಾವಿರಾರು ಜನ ನೋಡುತ್ತಾರಂತೆ. ಮನೆಯವರಿಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಅವತ್ತು ಗಿರಿಜಕ್ಕ ನನಗೆ ಫೋನ್ ಮಾಡಿದ್ದಳು. ಮಗಳು ಎಷ್ಟು ಚೆನ್ನಾಗಿ ಕುಣಿಯುತ್ತಾಳೆಂದು ಹೊಗಳಿ ಹೊಗಳಿ ಹೇಳಿದಳು.

"ಒಂದು ಒದೆ ತಿನ್ನೋಕಾದ್ರೂ ನನ್ನ ಕರೀಬೋದಿತ್ತು ಕಣೇ" ಅಂದಳು.